ಗಂಡು ಒಪ್ಪಿಸುವ ಶಾಸ್ತ್ರ

ಹೆಣ್ಣು ಒಪ್ಪಿಸುವ ಶಾಸ್ತ್ರವನ್ನು ನೀವೆಲ್ಲ ನೋಡಿಯೇ ಇರುತ್ತೀರಿ. ಮದುವೆಯ ಗದ್ದಲ ಮುಗಿದು, ಊಟದ ಎಲೆ ಎತ್ತಿ, ಬೀಗರು ಬಸ್ಸು ಹತ್ತುವ ಹೊತ್ತಿಗೆ ಹುಡುಗಿಯ ಅಪ್ಪ ಅಮ್ಮ ಮಗಳ ಕೈಯನ್ನು ಅತ್ತೆಯ ಕೈಗಿಟ್ಟು, "ತಪ್ಪು ಮಾಡಿದ್ರೆ ಹೊಟ್ಟೇಲಿ ಹಾಕ್ಕೊಳ್ಳಿ" ಎಂದು ಕಣ್ಣೊರೆಸಿಕೊಳ್ಳುತ್ತಾರೆ. ಆದರೆ ಗಂಡನ್ನು ಒಪ್ಪಿಸುವ ಶಾಸ್ತ್ರವೂ ಒಂದಿದೆ ಎಂಬುದು ನಿಮಗೆ ಗೊತ್ತಿರಲಾರದು. ಅದು ಯಾವ ಪುರೋಹಿತರ ಪುಸ್ತಕದಲ್ಲೂ ಇಲ್ಲ. ಭದ್ರಾವತಿಯಲ್ಲಿ ನಾನು ಕೆಲಸಕ್ಕಿದ್ದ ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿತ್ತು. ನಿವೃತ್ತಿಯ ದಿನ ಸಂಜೆ ಮನುಷ್ಯನಿಗೆ ಹಾರ ಹಾಕಿ, ಶಾಲು ಹೊದಿಸಿ, ಬಾಯಿಗೊಂದು ಪೇಡ ತುರುಕಿ, ವ್ಯಾನಿನಲ್ಲಿ ಕೂರಿಸಿಕೊಂಡು, ವಾಲಗ ಊದಿಸುತ್ತ ಅವನ ಮನೆ ಬಾಗಿಲಿಗೆ ಒಯ್ಯುವುದು. ಹೆಂಡತಿಯನ್ನು ಹೊರಗೆ ಕರೆದು, "ತಾಯೀ, ಇಷ್ಟು ವರ್ಷ ನಮ್ಮ ಹತ್ರ ಇದ್ರು. ಇನ್ಮೇಲೆ ನಿಮ್ಮೋರು. ಒಪ್ಪಿಸಿಕೊಳ್ಳಿ" ಎನ್ನುವುದು. ಆಕೆ "ಒಪ್ಪಿಸಿಕೊಂಡೆ" ಎಂದು ಆರತಿ ಎತ್ತಬೇಕು. ಆಮೇಲೆ ಬಂದವರಿಗೆಲ್ಲ ಉಪ್ಪಿಟ್ಟು, ಕೇಸರಿಬಾತು, ಕಾಫಿ.

ಬೇರೆಯವರ ಪಾಲಿಗೆ ನಡೆಯುವಾಗ ಇದು ಬಹಳ ಚೆಂದದ ಶಾಸ್ತ್ರ. ನಾನಂತೂ ಒಂದನ್ನೂ ತಪ್ಪಿಸಿಕೊಂಡವನಲ್ಲ. ಒಪ್ಪಿಸುವ ಮಾತು ಹೇಳುವ ಹಕ್ಕು ಕ್ರೇನ್ ಓಡಿಸುವ ಮುನಿಸ್ವಾಮಿಯದು. ಅವನದು ಕ್ರೇನಿನ ಸದ್ದನ್ನೂ ಮೀರಿ ಕೇಳುವ ಗಂಟಲು. ಪಕ್ಕದಲ್ಲಿ ನಿಂತು ಶಾಲು ಸರಿಮಾಡುವವನು ನಾನು. ನಮ್ಮ ರಂಗಣ್ಣ ನಿವೃತ್ತನಾದಾಗ ಅವನ ಹೆಂಡತಿ ಬಾಗಿಲಲ್ಲೇ ಸೊಂಟಕ್ಕೆ ಕೈಕೊಟ್ಟು ನಿಂತು, "ತಗೊಂಡು ಹೋಗೋವಾಗ ತಲೆತುಂಬ ಕೂದಲಿತ್ತು, ಬಾಯ್ತುಂಬ ಹಲ್ಲಿತ್ತು. ಹಿಂಗಾ ವಾಪಸ್ ಕೊಡೋದು?" ಎಂದು ಕೇಳಿದ್ದರು. ಬೀದಿಗೆ ಬೀದಿಯೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುವುದು ಇಲಿಯಾದಾಗಲೇ ಅರ್ಥವಾಗುವುದು.

ನನ್ನ ಸರದಿ ಹತ್ತಿರ ಬಂದಾಗ ನಾವು ಶಿವಮೊಗ್ಗದ ಗೋಪಾಳದಲ್ಲಿ ಮನೆ ಕಟ್ಟಿಸಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು. ಕಟ್ಟಿಸಿದೆ ಎನ್ನುವುದಷ್ಟೇ. ಬೆಳಿಗ್ಗೆ ಭದ್ರಾವತಿಯ ಬಸ್ಸಿಗೆ ಓಡಿ, ಕತ್ತಲಾಗುವಾಗ ಮರಳುವ ನನಗೆ ಸ್ವಂತ ಮನೆಯ ಹಗಲು ಭಾನುವಾರ ಮಾತ್ರ ಕಾಣುತ್ತಿತ್ತು. ಮಗಳ ಮದುವೆಯಾದ ಮೇಲೆ ನನ್ನ ಹೆಂಡತಿ ಗಿರಿಜೆ ಮನೆಯ ಹಾಲಿನಲ್ಲಿ ಹೊಲಿಗೆ ಕ್ಲಾಸು ತೆರೆದಿದ್ದಳು. ಹೊತ್ತು ಹೋಗಲಿ ಪಾಪ ಎಂದು ನಾನೂ ದೊಡ್ಡ ಮನಸ್ಸು ಮಾಡಿ ಒಪ್ಪಿದ್ದೆ. ಒಂದು ಮಿಷನ್ನು ಆರಾಯಿತು. ಬೀದಿಯ ಹುಡುಗಿಯರ ಜೊತೆಗೆ ಗಾಜನೂರಿನಿಂದಲೂ ಹುಡುಗಿಯರು ಬಸ್ಸು ಹತ್ತಿ ಬರತೊಡಗಿದರು. ಇತ್ತ ನನ್ನ ಮನಸ್ಸಿನಲ್ಲಿ ನಿವೃತ್ತಿಯ ಒಂದು ಚಿತ್ರ ತಯಾರಾಗಿತ್ತು. ಹಾಲಿನ ಕಿಟಕಿಯ ಪಕ್ಕದಲ್ಲಿ ಒಂದು ಆರಾಮ ಕುರ್ಚಿ, ಕೈಯಲ್ಲಿ ಪೇಪರು, ಕರೆದರೆ ಕಾಫಿ. ಆ ಕಿಟಕಿಯ ಪಕ್ಕದಲ್ಲಿ ಈಗ ಬಟ್ಟೆ ಕತ್ತರಿಸುವ ಮೇಜು ಇತ್ತು.

ನಿವೃತ್ತಿಗೆ ಎರಡು ತಿಂಗಳಿರುವಾಗ ಒಂದು ಭಾನುವಾರ ನಾನು ಆ ಜಾಗವನ್ನು ಗೇಣು ಹಾಕಿ ಅಳೆಯುತ್ತ, "ಅಂದ ಹಾಗೆ ಗಿರಿಜಾ, ಇನ್ನು ನಾನು ಮನೇಲೇ ಇರ್ತೀನಲ್ಲ, ಕ್ಲಾಸು ನಿಲ್ಲಿಸಿಬಿಡು. ಆ ಮಿಷನ್‌ಗಳ ಗಡಗಡ ಯಾರು ಕೇಳ್ತಾರೆ" ಎಂದೆ. ಅವಳ ತುಟಿಗಳ ನಡುವೆ ಗುಂಡುಸೂಜಿಗಳಿದ್ದವು. ಒಂದೊಂದನ್ನೇ ತೆಗೆದು ನಿಧಾನವಾಗಿ ಸೂಜಿದಿಂಬಿಗೆ ಚುಚ್ಚಿದಳು. ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

"ಕ್ಲಾಸು ಇರುತ್ತೆ. ನೀವು ಎಲ್ಲಿರ್ತೀರೋ ನೋಡ್ಕೊಳ್ಳಿ" ಎಂದಳು.

"ಇದು ನನ್ನ ಮನೆ ಕಣೇ!"

"ಹೌದಾ? ಹಗಲು ಹೊತ್ತಲ್ಲಿ ನಿಮ್ಮನ್ನ ಇಲ್ಲಿ ನೋಡಿದ ನೆನಪೇ ಇಲ್ಲವಲ್ಲ ರೀ."

ನನಗೆ ಪಿತ್ತ ನೆತ್ತಿಗೇರಿತು. "ಮುಂದಿನ ತಿಂಗಳ ಕೊನೇಗೆ ನಮ್ಮೋರು ವಾಲಗ ಊದಿಸ್ಕೊಂಡು ಬಂದು ಒಪ್ಪಿಸ್ತಾರಲ್ಲ, ಆಗ ಹೇಳು ಈ ಮಾತನ್ನ" ಎಂದುಬಿಟ್ಟೆ.

"ಒಪ್ಪಿಸ್ಲಿ. ಒಪ್ಪಿಸಿಕೊಳ್ಳೋದು ಬಿಡೋದು ನನಗೆ ಸೇರಿದ್ದು. ನೋಡದೆ ಮಾಲು ಇಳಿಸ್ಕೋಬಾರದು ಅಂತ ನೀವೇ ಅಲ್ವಾ ಹೇಳ್ತಿದ್ದಿದ್ದು?"

ಈ ಏಟು ಎಲ್ಲಿಗೆ ಬಿತ್ತು ಎಂದು ತಿಳಿಯಬೇಕಾದರೆ ನನ್ನ ಕೆಲಸದ ವಿಷಯ ಸ್ವಲ್ಪ ಹೇಳಬೇಕು. ಕಾರ್ಖಾನೆಗೆ ಹೊರಗಿನಿಂದ ಬರುವ ಮಾಲನ್ನು ಪರೀಕ್ಷೆ ಮಾಡಿ ಒಳಗೆ ಬಿಡುವವನು ನಾನು. ನನ್ನ ಕಣ್ಣು ತಪ್ಪಿಸಿ ಒಂದು ಬೋಲ್ಟೂ ಒಳಗೆ ಹೋಗುವಂತಿರಲಿಲ್ಲ. ಸರಿಯಿದ್ದರೆ ಸೀಮೆಸುಣ್ಣದಲ್ಲಿ ಒಂದು ಸೊನ್ನೆ, ಸರಿಯಿಲ್ಲದಿದ್ದರೆ ಒಂದು ಕತ್ತರಿ ಗುರುತು. ಲಾರಿಯವರು ಅವಸರ ಮಾಡಿದರೆ, "ಇಳಿಸಿ ಹೋಗು, ನೋಡಿ ಹೇಳ್ತೀನಿ" ಎನ್ನುವುದು ನನ್ನ ಮಂತ್ರ. ಸೊನ್ನೆಗೂ ಸಲ್ಲದ, ಕತ್ತರಿಗೂ ಸಲ್ಲದ ಮಾಲು ಗೋದಾಮಿನ ಹಿಂಬದಿಯ ಒಂದು ಮೂಲೆಗೆ ಹೋಗುತ್ತಿತ್ತು. ಅದಕ್ಕೆ ನಾವು 'ನೋಡೋಣ ಮೂಲೆ' ಎನ್ನುತ್ತಿದ್ದೆವು. ಇವತ್ತು ಯಾರ ಮಾಲು ವಾಪಸ್ ಕಳಿಸಿದೆ, ಯಾವ ಕಂಟ್ರಾಕ್ಟರು ಹೇಗೆ ಕೈಮುಗಿದ ಎಂದು ಪ್ರತಿ ರಾತ್ರಿ ಊಟದ ಹೊತ್ತಿಗೆ ನಾನು ಮೀಸೆ ತಿರುವುತ್ತ ಹೇಳುತ್ತಿದ್ದೆ. ಅವಳು ಸಾರು ಬಡಿಸುತ್ತಿದ್ದಳು. ಕೇಳಿಸಿಕೊಂಡು ಪೂರ್ತಿ ಕೆಲಸವನ್ನೇ ಕಲಿಯುತ್ತಿದ್ದಾಳೆ ಎಂದು ನನಗೇನು ಗೊತ್ತು?

ಅವತ್ತಿನಿಂದ ಅವಳು ಆ ವಿಷಯ ಎತ್ತಲೇ ಇಲ್ಲ. ಜಗಳವಾಡಿದ್ದರೆ ಬದುಕಿಕೊಳ್ಳುತ್ತಿದ್ದೆ. ಕಾಫಿ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಟಿಫನ್ ಡಬ್ಬಿಯಲ್ಲಿ ಚಿತ್ರಾನ್ನ ಇರುತ್ತಿತ್ತು, ಚಿತ್ರಾನ್ನದಲ್ಲಿ ಕಡಲೆಬೀಜವೂ ಇರುತ್ತಿತ್ತು. "ಅವತ್ತಿಗೆ ರವೆ ಎಷ್ಟು ತರಲಿ?" ಎಂದು ಗಾಳ ಹಾಕಿದೆ. "ನೋಡೋಣ" ಎಂದಳು. ನನಗೆ ಗೋದಾಮಿನ ಹಿಂಬದಿಯ ಮೂಲೆ ನೆನಪಾಯಿತು.

ಶಾಸ್ತ್ರವನ್ನೇ ತಪ್ಪಿಸೋಣವೆಂದು ಮುನಿಸ್ವಾಮಿಯನ್ನು ಹಿಡಿದೆ. "ನನಗೆ ಈ ವಾಲಗ ಗೀಲಗ ಬೇಡ ಮಾರಾಯ. ಗೇಟ್ ಹತ್ರ ಬಿಟ್ಟುಬಿಡಿ, ಬಸ್ಸಿಗೆ ಹೋಗ್ತೀನಿ" ಎಂದೆ. ಅವನು ಎದೆಯ ಮೇಲೆ ಕೈಯಿಟ್ಟುಕೊಂಡ. "ಐಯೋ, ಏನ್ ಸಾರ್ ಇದು! ಎಲ್ಲಾರ್ ಮನೇಲೂ ಮುಂದೆ ನಿಂತು ಕುಣಿದೋರು ನೀವು. ನಿಮ್ಮನ್ನ ಮಾತ್ರ ಸುಮ್ನೆ ಬಿಟ್ರೆ ನಮ್ಗೆ ಮರ್ಯಾದೆನಾ? ವಾಲಗದೋರ್ಗೆ ಹೇಳಿ ಆಯ್ತು ಸಾರ್." ನಾನು ಏನೆಂದು ಹೇಳಲಿ? ಮನೆಯಲ್ಲಿ ನನ್ನನ್ನು ಒಪ್ಪಿಸಿಕೊಳ್ಳುವುದು ಅನುಮಾನ ಎನ್ನಲೇ? ನನ್ನ ಜಾಗಕ್ಕೆ ಬರಲಿದ್ದ ಹಾಲಪ್ಪ ಆಗಲೇ ನನ್ನ ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸಿ ಊದುಬತ್ತಿ ಹಚ್ಚಿದ್ದ. ಅಲ್ಲಿ ನನ್ನ ಜಾಗ ಹೋಗುತ್ತಿತ್ತು, ಇಲ್ಲಿ ಜಾಗವೇ ಇರಲಿಲ್ಲ. ಹೇಳಿಕೊಳ್ಳಲು ನಾಚಿಕೆ, ಆದರೆ ನನಗೆ ನಿಜವಾಗಿಯೂ ಭಯವಾಗಿತ್ತು.

ಆ ದಿನ ಬಂದೇ ಬಂತು. ಹೊರಡುವಾಗ ಬೆಳಿಗ್ಗೆ ಅಡುಗೆಮನೆಯನ್ನು ಇಣುಕಿ ನೋಡಿದ್ದೆ. ರವೆಯೂ ಇಲ್ಲ, ಸಕ್ಕರೆಯೂ ಇಲ್ಲ. ಸಂಜೆ ವ್ಯಾನಿನ ಮುಂದಿನ ಸೀಟಿನಲ್ಲಿ ನನ್ನನ್ನು ಕೂರಿಸಿದರು. ಕುತ್ತಿಗೆಯ ಸುತ್ತ ಸೇವಂತಿಗೆ ಹಾರ ತುರಿಸುತ್ತಿತ್ತು. ಮಾಚೇನಹಳ್ಳಿ ಬರುವಾಗ ಒಂದು ಟೈರಾದರೂ ಪಂಕ್ಚರಾಗಬಾರದೇ ಎಂದುಕೊಂಡೆ. ಆಗಲಿಲ್ಲ. ವಿದ್ಯಾನಗರ ದಾಟುವಾಗ ಜ್ವರ ಬಂದಂತಾಯಿತು. ಗೋಪಾಳದ ತಿರುವಿನಲ್ಲಿ ವಾಲಗ ಶುರುವಾದಾಗ ಜ್ವರವೂ ಬಿಟ್ಟು ಕೈಕಾಲು ತಣ್ಣಗಾದವು.

ಮನೆಯ ಬಾಗಿಲು ತೆರೆದಿತ್ತು. ಒಳಗೆ ಮಿಷನ್‌ಗಳು ಓಡುತ್ತಿದ್ದವು. ಅಂದರೆ ಅವತ್ತೂ ಕ್ಲಾಸು! ವಾಲಗ ಗೇಟಿಗೆ ಬರುತ್ತಿದ್ದಂತೆ ಒಂದೊಂದೇ ಮಿಷನ್ ನಿಂತು, ಕಿಟಕಿಯ ತುಂಬ ಹುಡುಗಿಯರ ಮುಖಗಳಾದವು. ಅಕ್ಕಪಕ್ಕದವರು ಕಾಂಪೌಂಡಿಗೆ ಬಂದು ನಿಂತರು. ಕೊರಳಿಗೆ ಟೇಪು ಹಾಕಿಕೊಂಡೇ ಗಿರಿಜೆ ಹೊರಗೆ ಬಂದಳು. ಕೈಯಲ್ಲಿ ಆರತಿ ತಟ್ಟೆ ಇರಲಿಲ್ಲ. ಬಟ್ಟೆಗೆ ಗೀಟು ಹಾಕುವ ಚಪ್ಪಟೆ ಸೀಮೆಸುಣ್ಣವಿತ್ತು.

ಮುನಿಸ್ವಾಮಿ ಗಂಟಲು ಸರಿಮಾಡಿಕೊಂಡು ತನ್ನ ಮಾತು ಹೇಳಿ, "ಒಪ್ಪಿಸಿಕೊಳ್ಳೀಮ್ಮಾ" ಎಂದ. ಡೋಲಿನವನೂ ಕೈ ನಿಲ್ಲಿಸಿದ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಒಂಚೂರು ತಿರುಗಿ" ಎಂದಳು.

ನಾನು ತಿರುಗಿದೆ. ಇಡೀ ಬೀದಿಯ ಎದುರಿಗೆ, ಹಾರ ಶಾಲುಗಳ ಸಮೇತ, ಒಂದು ಸುತ್ತು ತಿರುಗಿದೆ.

"ಇದು ಕೆಲಸಕ್ಕೆ ಬರುತ್ತಾ?" ಎಂದು ಮುನಿಸ್ವಾಮಿಯನ್ನು ಕೇಳಿದಳು.

"ಸೌಂಡ್ ಸ್ವಲ್ಪ ಜಾಸ್ತಿ ಅಮ್ಮಾ. ಎಣ್ಣೆ ಬಿಟ್ರೆ ಓಡುತ್ತೆ" ಎಂದ ಆ ದ್ರೋಹಿ.

ಬೀದಿ ನಕ್ಕಿತು. ರಂಗಣ್ಣ ಎಲ್ಲಿದ್ದನೋ, ಹಲ್ಲಿಲ್ಲದ ಬಾಯಿ ತೆರೆದು ನಗುತ್ತ ಮುಂದೆಯೇ ನಿಂತಿದ್ದ. ನಾನೂ ನಗಲು ನೋಡಿದೆ. ಆದರೆ ಗಿರಿಜೆ ನಗುತ್ತಿರಲಿಲ್ಲ. ನನ್ನ ಕಣ್ಣನ್ನೇ ನೋಡುತ್ತ ಒಂದೇ ಮಾತು ಕೇಳಿದಳು: "ಕ್ಲಾಸು?"

ಬಂದವರಿಗೆ ಅದು ಅರ್ಥವಾಗಲಿಲ್ಲ. ನನಗೆ ಆಯಿತು. ಅವಳ ದನಿ ಚೂರು ನಡುಗಿತ್ತು. ಇಷ್ಟು ದಿನ ಹೆದರಿಕೊಂಡಿದ್ದವನು ನಾನೊಬ್ಬನೇ ಎಂದುಕೊಂಡಿದ್ದೆ.

"ನಡೀಲಿ" ಎಂದೆ.

"ಕೇಳಿಸ್ಲಿಲ್ಲ."

"ಕ್ಲಾಸು ನಡೀಲಿ ಅಂದೆ ಮಾರಾಯ್ತಿ!"

ಕಿಟಕಿಯಲ್ಲಿ ಚಪ್ಪಾಳೆ ಬಿತ್ತು. ಗಿರಿಜೆ ಮುನಿಸ್ವಾಮಿಯ ಕಡೆ ತಿರುಗಿ, ನಾನು ಲಾರಿಯವರಿಗೆ ಹೇಳುತ್ತಿದ್ದ ಧಾಟಿಯಲ್ಲೇ, "ಇಳಿಸಿ ಹೋಗಿ. ನೋಡಿ ಹೇಳ್ತೀನಿ" ಎಂದಳು. ಬಾಗಿಲ ಹಿಂದೆ ಹುಡುಗಿಯೊಬ್ಬಳು ಆರತಿ ತಟ್ಟೆ ಹಿಡಿದುಕೊಂಡೇ ನಿಂತಿದ್ದಳು. ಪಕ್ಕದ ಮನೆಯಿಂದ ಉಪ್ಪಿಟ್ಟಿನ ಪಾತ್ರೆ, ಕೇಸರಿಬಾತಿನ ಪಾತ್ರೆ ಬಂದವು. ಎಲ್ಲ ಮಧ್ಯಾಹ್ನವೇ ತಯಾರಾಗಿತ್ತಂತೆ. ಎಲ್ಲರೂ ತಿಂದು, ಬಾಯಿ ಚಪ್ಪರಿಸಿ, ನನ್ನ ಬೆನ್ನು ತಟ್ಟಿ ಹೊರಟರು. ಆರತಿ ಎತ್ತುವಾಗಲೂ ಅವಳು "ಒಪ್ಪಿಸಿಕೊಂಡೆ" ಎನ್ನಲಿಲ್ಲ ಎಂಬುದನ್ನು ಗಮನಿಸಿದವನು ನಾನೊಬ್ಬನೇ. ಮಾಲು ಪರೀಕ್ಷೆ ಮಾಡಿ ಅಭ್ಯಾಸವಾದ ಕಿವಿ, ಏನು ಮಾಡುವುದು?

ಈಗ ವರ್ಷದ ಮೇಲಾಯಿತು. ಬೆಳಿಗ್ಗೆ ನವುಲೆಯ ಕಡೆಗೊಂದು ಸುತ್ತು ಹೋಗಿ ಬರುತ್ತೇನೆ. ಕೃಷಿ ಕಾಲೇಜಿನ ಮರಗಳ ಕೆಳಗೆ ನನ್ನಂಥ ನಿವೃತ್ತರು ಸಕ್ಕರೆ ಕಾಯಿಲೆಯ ವಿಷಯದಲ್ಲಿ ಒಬ್ಬರನ್ನೊಬ್ಬರು ಮೀರಿಸುತ್ತಿರುತ್ತಾರೆ. ಹತ್ತಕ್ಕೆ ಕ್ಲಾಸು ಶುರುವಾದರೆ ನಾನು ಹಿಂಬದಿಯ ವರಾಂಡಕ್ಕೆ. ಆರಾಮ ಕುರ್ಚಿ ಅಲ್ಲಿದೆ. ಅದೂ ಮೊದಲೇ ತಂದಿಟ್ಟಿದ್ದಳು. ಮೊದಲ ಕೆಲವು ವಾರ ಪೇಪರನ್ನು ಟೆಂಡರ್ ಜಾಹೀರಾತಿನವರೆಗೂ ಓದಿದೆ. ಆಮೇಲೆ ತಡೆಯಲಾರದೆ ಕೋಲಿಗೊಂದು ಅಯಸ್ಕಾಂತ ಕಟ್ಟಿ, ಹಾಲಿನ ನೆಲದ ಮೇಲೆ ಉದುರಿದ ಗುಂಡುಸೂಜಿಗಳನ್ನು ಹೆಕ್ಕಿಕೊಟ್ಟೆ. ಹುಡುಗಿಯರಿಗೆ ಖುಷಿಯಾಯಿತು. ಅಂಗಿಗೆ ಗುಂಡಿ ಹಚ್ಚುವುದು ಕಲಿತೆ, ರವಿಕೆಗೆ ಹುಕ್ಕು ಹಾಕುವುದು ಕಲಿತೆ. ಮೊನ್ನೆ ಒಬ್ಬಳ ಹೆಮ್ಮಿಂಗ್ ನೋಡಿ "ಇದು ರಿಜೆಕ್ಟ್" ಎಂದುಬಿಟ್ಟೆ. ಗಿರಿಜೆ ಒಳಗಿನಿಂದಲೇ, "ಸೌಂಡು ಜಾಸ್ತಿಯಾಯ್ತು" ಎಂದಳು. ಇಷ್ಟೆಲ್ಲ ಆದರೂ, ನೋಡಿ ಹೇಳ್ತೀನಿ ಎಂದಿದ್ದೆಯಲ್ಲ, ನೋಡಿದ್ದಾಯಿತೇ ಎಂದು ಕೇಳುವ ಧೈರ್ಯ ನನಗೆ ಬಂದಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನೋಡೋಣ ಮೂಲೆಗೆ ಹೋದ ಒಂದು ನೀರಿನ ಪಂಪು, ನಾನು ಹೊರಡುವ ದಿನವೂ ಅಲ್ಲೇ ಇತ್ತು. ಹಿಂಬದಿಯ ವರಾಂಡದಲ್ಲಿ ಕೂತಾಗ ಅದರ ನೆನಪು ಬರುತ್ತದೆ.

ಹೋದ ವಾರ ಹಾಲಿನಲ್ಲಿ ಮೇಜಿನ ಪಕ್ಕ ನಿಂತು ಹುಕ್ಕು ಹುಡುಕುತ್ತಿದ್ದೆ. ತೋಳಿನ ಮೇಲೆ ಬಟ್ಟೆಯ ರಾಶಿ ಹೊತ್ತು ಬಂದ ಗಿರಿಜೆ, "ಒಂಚೂರು ಆ ಕಡೆ ಸರೀರಿ" ಎಂದು ಬೆನ್ನಿನ ಮೇಲೆ ಕೈಯಿಟ್ಟು ನನ್ನನ್ನು ಸರಿಸಿ ಹೋದಳು. ಸಂಜೆ ಅಂಗಿ ಬಿಚ್ಚಿದಾಗ ಕಂಡಿತು. ಬೆನ್ನಿನ ಮೇಲೆ ಐದೂ ಬೆರಳಿನ ಸೀಮೆಸುಣ್ಣದ ಗುರುತು. ಬೆಳಕಿಗೆ ಹಿಡಿದು, ಕನ್ನಡಕ ಏರಿಸಿ ನೋಡಿದೆ. ಸೊನ್ನೆಯೂ ಅಲ್ಲ, ಕತ್ತರಿಯೂ ಅಲ್ಲ. ಸ್ಟೋರ್ಸಿನಲ್ಲಿದ್ದಾಗ ಯಾರಾದರೂ ಇಂಥ ಗುರುತು ತೋರಿಸಿ ಮಾಲು ಪಾಸಾಗಿದೆ ಎಂದಿದ್ದರೆ ಗೇಟಿನ ಹೊರಗೆ ಅಟ್ಟುತ್ತಿದ್ದೆ. ಆದರೆ ಈಗ ನಾನೇ ಮಾಲು. ಮಾಲಿಗೆ ಇಷ್ಟು ಸಾಕು. ಆ ಅಂಗಿಯನ್ನು ಇನ್ನೂ ಒಗೆಯಲು ಹಾಕಿಲ್ಲ. ಗಿರಿಜೆ ಎರಡು ಸಲ ಕೇಳಿದಳು. ಒಂದು ಗುಂಡಿ ಕಿತ್ತಿದೆ, ಹಚ್ಚಬೇಕು, ಪುರುಸೊತ್ತಾಗಿಲ್ಲ ಎಂದು ಹೇಳಿದ್ದೇನೆ.