ನಾಗಿಣಿಯ ಮೇಲೆ ಹೆಡ್‌ಮಾಸ್ತರ್

ಕಲೆಯ ವಿಷಯದಲ್ಲಿ ನಾನು ದೊಡ್ಡ ಜಾಣ. ಈ ಮಾತನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಏಕೆಂದರೆ ಮನೆಯಲ್ಲಿ ಬೇರೆ ಯಾರೂ ಹೇಳುವುದಿಲ್ಲ. ಎಲ್ಲ ಕಲೆಯೂ ಅಲ್ಲ, ಒಂದೇ ಒಂದು ಕಲೆ. ಹಿಂದೆ ಸಣ್ಣ ಊರಿನ ಟಾಕೀಸುಗಳಿಗೆ ಬರುತ್ತಿದ್ದ ಮೂರನೇ ದರ್ಜೆಯ ಸಿನಿಮಾಗಳ, ಕೈಯಿಂದ ಬರೆದ ಪೋಸ್ಟರು. ನಾಗಿಣಿ, ಡಾಕು, ಮುರುಕು ಹವೇಲಿ, ಹವೇಲಿಯ ಕಿಟಕಿಯಲ್ಲಿ ಒಂದು ಕೈ, ಆ ಕೈಗೆ ಗೇಣುದ್ದ ಉಗುರು. ಆಹಾ!

ನಮ್ಮ ಕಾಗವಾಡದಲ್ಲಿ ನಾನು ಹೈಸ್ಕೂಲಿಗೆ ಹೋಗುವ ದಾರಿಯಲ್ಲೇ ಒಂದು ಟಾಕೀಸಿತ್ತು. ಅದರ ಮುಂದೆ ಆಳೆತ್ತರದ ಎರಡು ತಗಡಿನ ಬೋರ್ಡು. ಪ್ರತಿ ಗುರುವಾರ ಸಂಜೆ ದಾದು ಪೇಂಟರ್ ಬಂದು ಹಳೆಯ ಚಿತ್ರಕ್ಕೆ ಬಕೆಟ್‌ಗಟ್ಟಲೆ ನೀರು ಹಾಕಿ ತೊಳೆಯುತ್ತಿದ್ದರು. ಶುಕ್ರವಾರ ಬೆಳಿಗ್ಗೆ ಬಣ್ಣದ ಪುಡಿ, ಅಂಟು, ನೀರು ಕಲಸಿ ಹೊಸ ಸಿನಿಮಾದ ಚಿತ್ರ ಬರೆಯುತ್ತಿದ್ದರು. ಆ ಸಿನಿಮಾವನ್ನು ಅವರು ನೋಡಿರುತ್ತಿರಲಿಲ್ಲ. ಅಂಗೈಯಗಲದ ಒಂದು ಫೋಟೋ ನೋಡಿ, ಉಳಿದದ್ದನ್ನೆಲ್ಲ ತಮ್ಮ ತಲೆಯಿಂದ ತೆಗೆದು ಹಾಕುತ್ತಿದ್ದರು. ಸಿನಿಮಾದಲ್ಲಿ ಒಂದು ಬಡಪಾಯಿ ಕೇರೆಹಾವು ಇದ್ದರೆ ಬೋರ್ಡಿನ ಮೇಲೆ ಐದು ಹೆಡೆ! ಒಳಗೆ ಹೋಗಿ ನೋಡಿದರೆ ಹವೇಲಿ ಉರಿಯುತ್ತಿರಲಿಲ್ಲ, ಕುದುರೆ ಹಾರುತ್ತಿರಲಿಲ್ಲ. ಆದರೂ ನಮಗೆ ಸಿಟ್ಟು ಬರುತ್ತಿರಲಿಲ್ಲ. ಹೊರಗೆ ಬಂದು ಮತ್ತೊಮ್ಮೆ ಬೋರ್ಡ್ ನೋಡಿ ಸಮಾಧಾನ ಮಾಡಿಕೊಂಡು ಮನೆಗೆ ಹೋಗುತ್ತಿದ್ದೆವು. ಪೋಸ್ಟರು ಸುಳ್ಳು ಹೇಳುತ್ತಿತ್ತು, ನಿಜ. ಆದರೆ ಎಷ್ಟು ಮನಸ್ಸಿಟ್ಟು ಹೇಳುತ್ತಿತ್ತು! ಈಗಿನ ಫ್ಲೆಕ್ಸು ನಿಜ ಹೇಳುತ್ತದೆ, ಆದರೆ ಅದಕ್ಕೆ ಯಾರ ಮುಖವಾದರೂ ಒಂದೇ.

ಒಂಬತ್ತನೇ ಇಯತ್ತೆಯಲ್ಲಿದ್ದಾಗ ಒಂದು ಶುಕ್ರವಾರ ನಾಗಿಣಿಯ ಬೋರ್ಡ್ ಮುಂದೆ ನಿಂತೆ. ಹಸಿರು ಮುಖ, ಹಳದಿ ಕಣ್ಣು, ಕೊರಳಲ್ಲಿ ಹಾವು, ಹಿಂದೆ ಸಿಡಿಲು. ಶಾಲೆಯ ಗಂಟೆ ಬಾರಿಸಿದ್ದು ಕೇಳಲಿಲ್ಲ. ಪ್ರಾರ್ಥನೆ ಮುಗಿದದ್ದು ಕೇಳಲಿಲ್ಲ. ಹಿಂದಿನಿಂದ ಕಿವಿ ಹಿಡಿದಾಗ ಮಾತ್ರ ಎಚ್ಚರವಾಯಿತು. ಹೆಡ್‌ಮಾಸ್ತರ್ ಚೌಗಲಾ ಸರ್!

"ಏನ್ಲೇ ಸದ್ಯಾ, ಈಕೀನ ಮದವಿ ಆಗಾಂವ ಅದಿಯೇನ?"

ಸದ್ಯಾ ಎಂದರೆ ನಾನು. ಬಲಗೈಗೆ ಆರು ಛಡಿ ಏಟು ಬಿದ್ದವು. ಇವತ್ತಿಗೂ ಚೌಗಲಾ ಸರ್ ಎದುರು ಬಂದರೆ ನನ್ನ ಬಲಗೈ ತಾನಾಗಿಯೇ ಬೆನ್ನ ಹಿಂದೆ ಹೋಗುತ್ತದೆ.

ಎದುರು ಬರುವುದಂತೂ ತಪ್ಪಲಿಲ್ಲ. ಯಾಕೆಂದರೆ ಮುಂದೆ ನನಗೆ ಚಿಕ್ಕೋಡಿಯ ಒಂದು ಆಫೀಸಿನಲ್ಲಿ ಕ್ಲರ್ಕ್ ಕೆಲಸ ಸಿಕ್ಕಿತು, ಹಿರಿಯರು ಮಾತಾಡಿದರು, ಚೌಗಲಾ ಸರ್ ಮಗಳು ಸುನಂದಾ ನನ್ನ ಹೆಂಡತಿಯಾದಳು. ಅಳಿಯನಾಗಿ ಇಪ್ಪತ್ತು ವರ್ಷವಾದರೂ ಅವರನ್ನು "ಮಾವಾರ" ಎನ್ನಲು ನಾಲಿಗೆ ಏಳಲಿಲ್ಲ, "ಸರ್" ಅಂತಲೇ ಉಳಿಯಿತು. ಅವರ ಬಾಯಿಂದ ಒಂದೇ ಒಂದು ಸಲ "ಶಾಬಾಶ್" ಅನಿಸಿಕೊಳ್ಳಬೇಕು ಎಂಬುದು ನನ್ನ ಜೀವಮಾನದ ಆಸೆ. ದೀಪಾವಳಿಗೆ ಧೋತರ ಕೊಟ್ಟೆ, "ಅಂಚು ಸಣ್ಣದಾತು" ಅಂದರು. ನನಗೆ ಪ್ರಮೋಷನ್ ಸಿಕ್ಕಿತು ಎಂದೆ, "ತಡಾ ಆತು" ಅಂದರು.

ಹೀಗಿರುವಾಗ ನಮ್ಮ ಬ್ಯಾಚಿನವರೆಲ್ಲ ಸೇರಿ ಗುರುವಂದನೆ ಕಾರ್ಯಕ್ರಮ ಇಟ್ಟುಕೊಂಡರು. ಆ ವರ್ಷಗಳಲ್ಲಿ ನಮ್ಮ ಕಡೆ ಯಾವ ಊರಿಗೆ ಹೋದರೂ ಗುರುವಂದನೆಯೇ. ನಿವೃತ್ತರಾದ ಚೌಗಲಾ ಸರ್ ಅವರಿಗೆ ಪಾದಪೂಜೆ, ಶಾಲು, ಊಟ. ವೇದಿಕೆಯ ಹಿಂದೆ ಏನು ಹಾಕುವುದು ಎಂಬ ಪ್ರಶ್ನೆ ಬಂದಾಗ ಮಂಗಸೂಳಿಯಲ್ಲಿ ದ್ರಾಕ್ಷಿ ತೋಟ ಮಾಡಿದ್ದ ನನ್ನ ಗೆಳೆಯ ಅಪ್ಪಾಸಾಬ, "ಫ್ಲೆಕ್ಸ್ ಹೊಡಸೂಣು, ಅರ್ಧಾ ತಾಸಿನ ಕೆಲಸಾ" ಅಂದ.

ನಾನು ಎದ್ದು ನಿಂತೆ.

"ಫ್ಲೆಕ್ಸ್? ನಮ್ಮ ಗುರುಗಳಿಗೆ? ಕೈಲೆ ಬರಸೂಣು! ದಾದು ಪೇಂಟರ್ ಇನ್ನೂ ಅದಾರ. ಜವಾಬ್ದಾರಿ ನಂದು!"

ಎಲ್ಲರೂ ಚಪ್ಪಾಳೆ ಹೊಡೆದರು. ಸುನಂದಾಗೆ ಹೇಳಿದಾಗ ಅವಳು ಚಪ್ಪಾಳೆ ಹೊಡೆಯಲಿಲ್ಲ.

"ರೀ, ನಮ್ಮಪ್ಪನ ಮರ್ಯಾದಿ ಸವಾಲ ಐತಿ. ಜನ್ಮದಾಗ ಒಂದ ಕೆಲಸರೇ ನೀಟ ಮಾಡ್ರಿ."

"ನೋಡ್ತಿರು. ಈ ಸಲ ಶಾಬಾಶ್ ಗ್ಯಾರಂಟಿ!"

ದಾದು ಕಾಕಾ ಈಗ ಕಬ್ಬಿನ ಟ್ರ್ಯಾಕ್ಟರಿನ ಟ್ರಾಲಿಗಳ ಹಿಂದೆ ಹೆಸರು ಬರೆದುಕೊಂಡಿದ್ದರು. ಟಾಕೀಸು ಮುಚ್ಚಿ ಎಂಟು ಹತ್ತು ವರ್ಷವಾಗಿತ್ತು. ಅವರ ದನದ ಕೊಟ್ಟಿಗೆಯಲ್ಲಿ ಟಾಕೀಸಿನ ಒಂದು ಬೋರ್ಡು ಗೋಡೆಗೆ ಮುಖ ಮಾಡಿ ನಿಂತಿತ್ತು. ನನಗೆ ರೋಮಾಂಚನವಾಯಿತು. ಅದನ್ನೇ ಬೆರಳು ಮಾಡಿ ತೋರಿಸಿದೆ.

"ಕಾಕಾ, ಸರ್ ಚಿತ್ರ ಇದರ ಮ್ಯಾಲೇ ಆಗಬೇಕ್ರಿ."

ದಾದು ಕಾಕಾನ ಮುಖ ಸಣ್ಣದಾಯಿತು. "ಹೊಸಾ ತಗಡ ತರೂಣ್ರೆಲ್ಲಾ ಸಾಹೇಬ್ರ. ಅದರ ಮ್ಯಾಲ ಒಂದ ಚಿತ್ರ ಐತಿ."

"ಇರಲಿ ಬಿಡ್ರಿ, ಅದರ ಮ್ಯಾಲೇ ಬರೀರಿ. ಹಳೇ ಬೋರ್ಡಿನ ಕಳೆ ಹೊಸಾ ತಗಡಿಗೆ ಎಲ್ಲಿಂದ ಬರಬೇಕು?"

ಅವರು ಒಂದು ಬೀಡಿ ಹಚ್ಚಿದರು. ಆಮೇಲೆ ಮೆಲ್ಲಗೆ ಕೇಳಿದರು: "ಬಣ್ಣಾ ಯಾವುದ್ರಿ? ಟ್ರಾಲಿಗೆ ಹಚ್ಚೂ ಆಯಿಲ್ ಪೇಂಟ್ ಹಚ್ಚಲೇನ್ರಿ? ಮಳಿ ಹೊಡದ್ರೂ ಅಲ್ಲಾಡೂದಿಲ್ಲ."

ಇಲ್ಲಿ ನನ್ನೊಳಗಿನ ಕಲಾಪಂಡಿತ ಎದ್ದು ಕೂತ. ಆಯಿಲ್ ಪೇಂಟ್ ಮಿರಿಮಿರಿ ಮಿಂಚುತ್ತದೆ, ಅದು ಪೋಸ್ಟರಿನ ಆತ್ಮಕ್ಕೆ ಒಗ್ಗುವುದಿಲ್ಲ, ಪುಡಿ, ಅಂಟು, ನೀರು, ಇದೇ ನಿಜವಾದ ಪರಂಪರೆ ಎಂದು ಕಾಲು ಗಂಟೆ ಭಾಷಣ ಮಾಡಿದೆ. ಐವತ್ತು ವರ್ಷ ಬಣ್ಣ ಕಲಸಿದವರಿಗೆ ಬಣ್ಣದ ಪಾಠ! ಕೇಳುತ್ತ ಕೇಳುತ್ತ ದಾದು ಕಾಕಾನ ಮುಖ ಅರಳಿತು. ನನ್ನ ಜ್ಞಾನ ಕಂಡು ಬೆರಗಾದರು ಎಂದುಕೊಂಡೆ.

"ನೀವ ಹೇಳಿದಂಗ ನೀರಿನ ಬಣ್ಣಾನ ಹಚ್ಚತೇನ್ರಿ. ಪಗಾರ ಏನೂ ಬ್ಯಾಡ. ಕಾರ್ಯಕ್ರಮ ಮುಗದ ಮ್ಯಾಲ ಬೋರ್ಡ್ ನನಗ ತಿರುಗಿ ಕೊಟ್ರ ಸಾಕು."

ಎಂಥ ನಿಸ್ವಾರ್ಥ ಕಲಾವಿದ! ನನ್ನ ಕಣ್ಣಲ್ಲಿ ನೀರು ಬಂತು. ಬೋರ್ಡನ್ನು ತಿರುಗಿಸಿ ನೋಡಬೇಕು ಎಂದು ಮಾತ್ರ ಹೊಳೆಯಲಿಲ್ಲ.

ನಾಲ್ಕು ದಿನದಲ್ಲಿ ಚಿತ್ರ ತಯಾರಾಯಿತು. ಸುನಂದಾಳನ್ನು ಕರೆದುಕೊಂಡು ಹೋದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಅಯ್ಯ ಶಿವನ! ನಮ್ಮಪ್ಪ ಏನ್ರಿ ಇಂವ? ಡಾಕು ಕಂಡಂಗ ಕಾಣ್ತಾನ!"

ಅವಳ ಮಾತಿನಲ್ಲಿ ಸತ್ಯವಿತ್ತು. ಚೌಗಲಾ ಸರ್ ಮುಖದ ಎಡಭಾಗ ಹಸಿರು, ಬಲಭಾಗ ಕಿತ್ತಳೆ. ಕಣ್ಣು ಕೆಂಪು, ಮೀಸೆಗೆ ಬೆರಳು ದಪ್ಪ ಕಪ್ಪು ಬಣ್ಣ. ಕೈಯಲ್ಲಿ ಛಡಿ, ಅದರ ತುದಿಯಿಂದ ಸಿಡಿಲು ಹೊಡೆಯುತ್ತಿತ್ತು. ಹಿಂದೆ ನಮ್ಮ ಹೈಸ್ಕೂಲು, ಅದಕ್ಕೆ ಹವೇಲಿಯ ಗುಮ್ಮಟ! ನನಗೆ ಬಹಳ ಸೇರಿತು. ನಾವು ಒಂಬತ್ತನೇ ಇಯತ್ತೆಯಲ್ಲಿ ಕಂಡ ಸರ್ ಅಕ್ಷರಶಃ ಹೀಗೆಯೇ ಇದ್ದರು.

"ಕಾಕಾ, ಕಣ್ಣಾಗಿನ ಕೆಂಪ ಜರಾ ಕಮ್ಮಿ ಮಾಡ್ರಿ" ಎಂದಳು ಸುನಂದಾ.

"ಕೆಂಪ ತಗದ್ರ ಕಳೀ ಹೋಕ್ಕೈತಿ ತಂಗಿ" ಅಂದರು ದಾದು ಕಾಕಾ. ನಾನು ಅವರ ಪಕ್ಷ ವಹಿಸಿದೆ. ಕೆಂಪು ಉಳಿಯಿತು.

ಗುರುವಂದನೆಯ ದಿನ ಶಾಲೆಯ ಮೈದಾನದಲ್ಲಿ ಜನವೋ ಜನ. ಬೋರ್ಡಿನ ಮೇಲೆ ಪರದೆ ಹಾಕಿದ್ದೆವು. ನಾನೇ ಹೋಗಿ ಪರದೆ ಎಳೆದೆ. ಜನ "ಓ!" ಅಂದರು. ಚೌಗಲಾ ಸರ್ ತಿರುಗಿ ತಮ್ಮ ಚಿತ್ರವನ್ನು ನೋಡಿದರು. ತುಟಿ ಅಲುಗಿತು. ಶಾಬಾಶ್ ಬರುತ್ತಿದೆ! ನಾನು ಬಗ್ಗಿ ಕಿವಿಗೊಟ್ಟು ನಿಂತೆ.

ಅಷ್ಟರಲ್ಲಿ ಮೈದಾನದ ಅಂಚಿನಲ್ಲಿ ಟ್ರ್ಯಾಕ್ಟರ್ ಶುರುವಾದ ಸದ್ದು ಬಂತು.

ನಮ್ಮಲ್ಲಿ ಶುಭಕಾರ್ಯಕ್ಕೆ ಬಂದವರ ಮೇಲೆ ಗುಲಾಬ್‌ಪಾಣಿ ಚಿಮುಕಿಸುವ ಪದ್ಧತಿ ಇದೆ. ಆ ಕೆಲಸ ಅಪ್ಪಾಸಾಬನದು. ಇಷ್ಟು ಮಂದಿಗೆ ಸಣ್ಣ ಗುಲಾಬ್‌ದಾನಿ ಹಿಡಿದು ತಿರುಗುವುದು ಯಾವ ಕಾಲಕ್ಕೆ ಮುಗಿಯಬೇಕು ಎಂದು ಅವನು ಯೋಚಿಸಿದ್ದ. ಯೋಚಿಸಿ, ತೋಟದಲ್ಲಿ ದ್ರಾಕ್ಷಿಗೆ ಔಷಧ ಹೊಡೆಯುವ ಪಂಪನ್ನು ಟ್ರ್ಯಾಕ್ಟರ್ ಸಮೇತ ತಂದಿದ್ದ!

"ಅಪ್ಪಾ, ಬ್ಯಾಡಲೇ!" ಎಂದು ಕೂಗಿದೆ.

"ಹೆದರಬ್ಯಾಡೋ, ಮೂರ ಸಲ ತೊಳದೇನಿ!"

ನಾನು ಔಷಧದ ಬಗ್ಗೆ ಹೆದರಿರಲಿಲ್ಲ. ಆದರೆ ಅದನ್ನು ಹೇಳುವಷ್ಟರಲ್ಲಿ ಅವನು ತಿರುಪು ತಿರುಗಿಸಿದ್ದ. ಎಕರೆಗಟ್ಟಲೆ ಬಳ್ಳಿ ತೋಯಿಸುವ ಪಂಪು, ಅದಕ್ಕೆ ಗುರು ಯಾರು, ಹಿರಿಯರು ಯಾರು! ಮುಂದಿನ ಸಾಲಿನ ಟೋಪಿಗಳು ಹಾರಿದವು. ಗುಲಾಬಿಯ ವಾಸನೆಯ ಜತೆ ಗಂಧಕದ ವಾಸನೆ ಬಂತು. ಅಪ್ಪಾಸಾಬ ಗಾಬರಿಯಾಗಿ ಪೈಪನ್ನು ಜನರಿಂದ ಆಚೆ ತಿರುಗಿಸಿದ. ಆಚೆ ಇದ್ದದ್ದು ಬೋರ್ಡು.

ಮೊದಲು ಸಿಡಿಲು ಕರಗಿತು. ಆಮೇಲೆ ಛಡಿ. ಸರ್ ಹಣೆಯಿಂದ ಹಸಿರು ಬಣ್ಣ ಇಳಿದು ಮೂಗಿನ ತುದಿಯಲ್ಲಿ ತೊಟ್ಟಿಕ್ಕತೊಡಗಿತು. ಇಲ್ಲಿಗೆ ನನ್ನ ಗ್ರಹಚಾರ ಮುಗಿಯಿತು ಎಂದುಕೊಂಡರೆ, ಕರಗಿದ ಕಣ್ಣಿನ ಜಾಗದಲ್ಲಿ ಇನ್ನೊಂದು ಕಣ್ಣು ಮೂಡಿತು. ಹಳದಿ ಕಣ್ಣು! ಅದರ ಕೆಳಗೆ ಹೆಣ್ಣಿನ ತುಟಿ. ಕೊರಳು. ಕೊರಳಲ್ಲಿ ಹಾವು.

ನಾಗಿಣಿ! ನನ್ನ ನಾಗಿಣಿ!

ಮುಖವೆಲ್ಲ ನಾಗಿಣಿಯದು, ಮೀಸೆ ಮಾತ್ರ ಇನ್ನೂ ಸರ್ ಅವರದು. ಸುನಂದಾ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಈ ಬೋರ್ಡು ನೋಡಿದ್ದಕ್ಕೆ ಛಡಿ ಏಟು ತಿಂದ ಹದಿನೈದು ಇಪ್ಪತ್ತು ಜನ ಆ ಮೈದಾನದಲ್ಲೇ ಕೂತಿದ್ದರು. ಯಾರಿಗೂ ನಗುವ ಧೈರ್ಯವಿಲ್ಲ. ಎಲ್ಲರೂ ಚೌಗಲಾ ಸರ್ ಕಡೆ ನೋಡಿದರು.

ಸರ್ ಚಷ್ಮಾ ಒರೆಸಿಕೊಂಡು ಬೋರ್ಡಿನ ಹತ್ತಿರ ಹೋದರು. ಬಹಳ ಹೊತ್ತು ನೋಡಿದರು.

"ದಾದೂ, ಹಾವಿನ ಹೆಡಿ ಆವಾಗ ಎಡಕ್ಕ ಇತ್ತಲ್ಲೋ?"

ಹಿಂದಿನ ಸಾಲಿನಿಂದ ದಾದು ಕಾಕಾ ಎದ್ದು ಕೈಮುಗಿದರು. "ಹೌದ್ರಿ ಸರ್. ಟಾಕೀಸ ಮುಚ್ಚೂ ವಾರ ಅದ ಹಳೇ ರೀಲ್ ತಂದಿದ್ರು. ಕಡೀ ಚಿತ್ರ, ಜರಾ ಬ್ಯಾರೆ ಇರಲಿ ಅಂತ ಬಲಕ್ಕ ಬರದೆ. ಯಾರೂ ತೊಳೀಬಾರದು ಅಂತ ಅದೊಂದನ್ನ ಆಯಿಲ್ ಪೇಂಟಿನಾಗ ಬರದೇನ್ರಿ."

ಅಪ್ಪಾಸಾಬ ಪೈಪು ಹಿಡಿದುಕೊಂಡೇ ಕೂಗಿದ: "ಸರ್, ಹೆಡಿ ಎಡಕ್ಕಿತ್ತು ಅಂತ ನಿಮಗ ಹೆಂಗ ಗೊತ್ರಿ?"

"ನಿಮ್ಮನ್ನ ಹಿಡ್ಯಾಕ ನಾ ಪ್ರತಿ ಶುಕ್ರವಾರ ಅಲ್ಲೇ ನಿಂದರಬೇಕಾಗ್ತಿತ್ತು" ಎಂದರು ಸರ್. "ನಿಂತಾಗ ಕಣ್ಣ ಮುಚಗೊಂಡ ನಿಂದರ್ಲೇನ?"

ಮೈದಾನ ಬಿದ್ದು ಬಿದ್ದು ನಕ್ಕಿತು. ಹಾಗೆ ನಗುವುದಕ್ಕೆ ಮೂವತ್ತು ವರ್ಷ ಕಾದಿದ್ದರೋ ಏನೋ, ನಿಲ್ಲಲೇ ಇಲ್ಲ. ಸರ್ ತಮಗೆ ಹೊದಿಸಿದ ಶಾಲು ತೆಗೆದು ದಾದು ಕಾಕಾನ ಹೆಗಲಿಗೆ ಹಾಕಿದರು. "ಶಾಬಾಶ್ ದಾದು" ಅಂದರು.

ಶಾಬಾಶ್! ಅದೇ ಶಬ್ದ! ಎರಡು ಮಾರು ಆಚೆಯಿಂದ ಹೋಯಿತು.

ಆಮೇಲೆ ನನ್ನ ಕಡೆ ತಿರುಗಿ, ಮೈಕಿನಲ್ಲಿಯೇ ಹೇಳಿದರು: "ನಮ್ಮ ಅಳಿಯಾ ಮೂವತ್ತ ವರ್ಷದ ಹಿಂದೂ ಇದರ ಮುಂದನ ಸಿಕ್ಕಬಿದ್ದ. ಇವತ್ತೂ ಇದರ ಮುಂದನ ಸಿಕ್ಕಬಿದ್ದಾನ. ಏನೂ ಸುಧಾರಣೆ ಇಲ್ಲ!"

ಆ ರಾತ್ರಿ ನನಗೆ ಊಟ ಸೇರಲಿಲ್ಲ. ನಗೆಪಾಟಲಾದದ್ದಕ್ಕಲ್ಲ, ಅದು ರೂಢಿಯಾಗಿದೆ. ಒಬ್ಬ ಮನುಷ್ಯ ಆಯುಷ್ಯವೆಲ್ಲ ಬರೆದದ್ದನ್ನು ತಾನೇ ತೊಳೆದು ತೊಳೆದು, ಒಂದೇ ಒಂದು ಚಿತ್ರ ಉಳಿಸಿಕೊಂಡಿದ್ದ. ಪೋಸ್ಟರ್ ಕಲೆಯ ಮಹಾ ಅಭಿಮಾನಿಯಾದ ನಾನು ಹೋಗಿ ಅದರ ಮೇಲೆ ಬಣ್ಣ ಹೊಡೆಸಿ, ನನ್ನ ಮಾವನನ್ನು ಬರೆಸಿದ್ದೆ. ಉಳಿದಿದ್ದ ಒಂದನ್ನು ತಿರುಗಿಸಿಯೂ ನೋಡಿರಲಿಲ್ಲ.

ಮರುದಿನ ತಪ್ಪೊಪ್ಪಿಗೆಗೆಂದು ದಾದು ಕಾಕಾನ ಮನೆಗೆ ಹೋದೆ.

"ಕಾಕಾ, ಆವತ್ತ ಬಾಯಿ ಬಿಟ್ಟ ಯಾಕ ಹೇಳಲಿಲ್ರಿ?"

"ನಿಮ್ಮ ಮಾವಾರ ಚಿತ್ರಕ್ಕ ಬ್ಯಾಡ ಅಂತ ಹೆಂಗ ಅನ್ನೂದ್ರಿ? ಬಣ್ಣಾ ಯಾವುದು ಅಂತ ಕೇಳೂದೇನೋ ಕೇಳಿದೆ, ನೀವ ಎಲ್ಲಿ ಆಯಿಲ್ ಪೇಂಟಿಗೆ ಹೂಂ ಅಂತೀರೋ, ನನ್ನ ನಾಗಿಣಿ ಕಾಯಂ ಹ್ವಾದ್ಲು ಅಂತ ಜೀವಾ ಹೊಡಕೋಳಾಕತ್ತಿತ್ತು. ನೀವ ನೀರಿನ ಬಣ್ಣಾನ ಬೇಕು ಅಂತ ಭಾಷಣಾ ಶುರು ಮಾಡಿದ್ರಿ. ಇವರಿಗೆ ಬಣ್ಣದ ಗಂಧಗಾಳಿ ಗೊತ್ತಿಲ್ಲ, ದೇವರ ದೊಡ್ಡಾಂವ ಅನಕೊಂಡ ಸುಮ್ಮ ಕುಂತೆ!"

ಅವರ ಮುಖ ಅಂದು ಅರಳಿದ್ದು ಯಾಕೆ ಎಂದು ಆಗ ತಿಳಿಯಿತು. ಸುನಂದಾಗೆ ಹೇಳಿದೆ. "ಹೋಗ್ಲಿ ಬಿಡ್ರಿ, ನಿಮ್ಮ ದಡ್ಡತನಾ ಒಬ್ಬರಿಗರೇ ಉಪಯೋಗಕ್ಕ ಬಂತಲ್ಲ" ಎಂದು ಸಮಾಧಾನ ಮಾಡಿದಳು.

ಬೋರ್ಡು ಈಗ ಆ ಕೊಟ್ಟಿಗೆಯಲ್ಲೇ ಇದೆ, ಆದರೆ ಹೊರಗೆ ಮುಖ ಮಾಡಿದೆ. ಮೀಸೆಯನ್ನು ಅಳಿಸಲು ದಾದು ಕಾಕಾ ಒಪ್ಪಲಿಲ್ಲ. ಒಂದು ಶುಕ್ರವಾರ ಬೆಳಿಗ್ಗೆ ಆಫೀಸಿಗೆ ಹೊರಟವನು, ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಅತ್ತ ಹೋದೆ. ನಾಗಿಣಿಯ ಮುಂದೆ ನಿಂತೆ. ಹಸಿರು ಮುಖ, ಹಳದಿ ಕಣ್ಣು, ಬಲಕ್ಕೆ ತಿರುಗಿದ ಹೆಡೆ. ಎಷ್ಟು ಹೊತ್ತಾಯಿತೋ, ಚಿಕ್ಕೋಡಿ ಬಸ್ಸು ಹೋದದ್ದು ಕೇಳಲಿಲ್ಲ.

"ಸದ್ಯಾ, ಆಫೀಸ್ ಇಲ್ಲೇನ ಇವತ್ತ?"

ಹೊರಳಿ ನೋಡಿದರೆ ಮೂಲೆಯಲ್ಲಿ, ನನಗಿಂತ ಮೊದಲೇ ಬಂದು, ಕುರ್ಚಿ ಹಾಕಿಕೊಂಡು ಚೌಗಲಾ ಸರ್ ಕೂತಿದ್ದರು. ಕೈಯಲ್ಲಿ ಚಹಾದ ಕಪ್ಪಿತ್ತು, ಛಡಿ ಇರಲಿಲ್ಲ.

"ಐತ್ರಿ ಸರ್" ಎಂದೆ. ನನ್ನ ಬಲಗೈ ಆಗಲೇ ಬೆನ್ನ ಹಿಂದೆ ಹೋಗಿತ್ತು.