ಕದ್ದರೆ ಮಾತ್ರ ಬರುವ ಮರಗೆಣಸು

ಪೆರ್ಲದ ಗಿಲ್ಬರ್ಟ್ ಕಳ್ಳತನಕ್ಕೆ ಇಳಿದದ್ದು ಹೆಂಡತಿ ಫ್ಲೋರಾಳ ಒತ್ತಾಯಕ್ಕೆ. ಎಂಬತ್ತೇಳರ ಬೇಸಗೆ. ಮಳೆ ಕೈಕೊಟ್ಟು ಬಾವಿಯಲ್ಲಿ ಕೊಡ ಮುಳುಗುತ್ತಿರಲಿಲ್ಲ, ಅಡಿಕೆ ಸಸಿಗಳು ಗುಡಿಸಿ ಸವೆದ ಹಿಡಿಸೂಡಿಯ ಹಾಗೆ ನಿಂತಿದ್ದವು. ನೆರೆಮನೆಯ ಪೂವಪ್ಪನ ಗುಡ್ಡೆಯಲ್ಲಿ ಮಾತ್ರ ಮರಗೆಣಸು ಒಂದು ಹನಿ ನೀರು ಕೇಳದೆ ಹಚ್ಚಗಿತ್ತು. ಗಿಲ್ಬರ್ಟನಿಗೂ ಅದೇ ಬೇಕು. ಈ ಸಲವೂ ಎಂತದೂ ಬೆಳೆಯದಿದ್ದರೆ ಜಾಗ ಮಾರಿ ಕುಂಜತ್ತೂರಿನ ಭಾವನ ಅಂಗಡಿಯಲ್ಲಿ ಪೊಟ್ಟಣ ಕಟ್ಟಬೇಕು. ಆ ಭಾವನ ಬಾಯಿಯೋ, ದೇವರಿಗೇ ಪ್ರೀತಿ.

ಪೂವಪ್ಪ ಕೇಳಿದರೆ ಕೊಡದ ಜನವಲ್ಲ. ಕಳೆದ ವರ್ಷ ನೆಡಲು ಗೆಲ್ಲು ಕಡಿದು ಕೊಟ್ಟೇ ಇದ್ದ. ನೆಟ್ಟದ್ದರಲ್ಲಿ ಒಂದು ತುಂಡೂ ಚಿಗುರಲಿಲ್ಲ. ಕೇಳಿ ತಂದ ಗಿಡ ಬರುವುದುಂಟಾ, ಕದ್ದು ತರಬೇಕು, ಇದು ಊರಿಗೇ ಗೊತ್ತಿರುವ ವಿಷಯ ಅಂತ ಫ್ಲೋರಾಳ ವಾದ. ಪಾಪ ಅಲ್ಲವಾ ಎಂದರೆ, ಆದಿತ್ಯವಾರ ಪಾದ್ರಿಗಳಿಗೆ ಹೇಳಿದರಾಯ್ತು ಎಂದಳು.

ಮಧ್ಯಾಹ್ನ ಊರು ಉಂಡು ಮಲಗಿದಾಗ ಗಿಲ್ಬರ್ಟ್ ಬೇಲಿ ಹಾರಿದ. ಹಾರಿದಲ್ಲೇ ಆಚೆಮನೆಯ ಅಮ್ಮು ಸೊಪ್ಪು ಕೊಯ್ಯುತ್ತಿದ್ದಳು. ಎಂತ ಹುಡುಕುವುದು ಎಂದು ಕೇಳಿದಳು. ಇವನ ಬಾಯಿಗೆ ಬಂದದ್ದು ಕರು. ಅವಳು ಕತ್ತಿ ಬಿಸಾಡಿ ಹುಡುಕಲು ಹೊರಟಳು, ಅವಳ ಕೂಗಿಗೆ ಕೆಳಗಿನ ಮನೆಯ ಬಟ್ಯ ಬಂದ, ಬಟ್ಯನ ನಾಯಿಯೂ ಬಂತು. ಕರುವಿನ ಬಣ್ಣ ಕೇಳಿದರೆ ಒಮ್ಮೆ ಕಪ್ಪು ಎಂದ, ಒಮ್ಮೆ ಕೆಂಪು ಎಂದ. ಗಿಲ್ಬರ್ಟನ ಹಟ್ಟಿಯಲ್ಲಿ ದನವೇ ಇಲ್ಲ ಎಂಬುದು ಪುಣ್ಯಕ್ಕೆ ಯಾರಿಗೂ ನೆನಪಾಗಲಿಲ್ಲ. ಎಲ್ಲರನ್ನೂ ತೋಡಿನ ಕಡೆ ಅಟ್ಟಿ, ಎರಡು ಗೆಲ್ಲು ಮುರಿದು ಲುಂಗಿಯೊಳಗೆ ತುರುಕಿ, ಕೊಕ್ಕರೆಯ ಹಾಗೆ ಹೆಜ್ಜೆ ಹಾಕಿದ.

ಹಿಂದಿನಿಂದ ಪೂವಪ್ಪ, ಊರಲ್ಲಿ ಕಿರಿಸ್ತಾನರನ್ನು ಕರೆಯುವ ಹಾಗೆ, ಪೊರ್ಬುಗಳೇ ಎಂದು ಕರೆದ. ಗಿಲ್ಬರ್ಟ್ ಓಡಿದ, ಲುಂಗಿ ಬೇಲಿಗೆ ಸಿಕ್ಕಿ ಮಗುಚಿ ಬಿದ್ದ.

"ಓಡುವುದೆಂತಕ್ಕೆ ಪೊರ್ಬುಗಳೇ? ನೀವು ಬಂದದ್ದು ಕಂಡೇ ನಾನು ಇದನ್ನು ತರಲು ಒಳಗೆ ಹೋದದ್ದು. ಆ ಗೆಲ್ಲು ಎಳತು. ಇದು ಬಲಿತದ್ದು, ಕೊಂಡುಹೋಗಿ" ಎಂದು ಪೂವಪ್ಪ ಇಡೀ ಒಂದು ಕಟ್ಟನ್ನು ಹೆಗಲ ಮೇಲೆ ಇಟ್ಟ. ಲುಂಗಿಯೊಳಗಿನದ್ದನ್ನೂ ಸಂತೋಷದಿಂದ ಕೊಟ್ಟೆ ಎಂದುಬಿಟ್ಟ. ಗಿಲ್ಬರ್ಟನಿಗೆ ಅಳುವೇ ಬಂತು.

ಕೊಟ್ಟದ್ದು ಎಂದು ಕೇಳಿದ ಕೂಡಲೇ ಫ್ಲೋರಾ ಎಲ್ಲವನ್ನೂ ಅಂಗಳದ ಆಚೆ ಇಡಿಸಿದಳು. ಹಾಗಾದರೆ ನೀನು ನನ್ನಿಂದ ಕದಿ ಎಂದ ಗಿಲ್ಬರ್ಟ್. ಗಂಡನದ್ದನ್ನು ಹೆಂಡತಿ ತೆಗೆದರೆ ಅದು ಕಳ್ಳತನದ ಲೆಕ್ಕಕ್ಕೆ ಬರುತ್ತದಾ ಎಂದು ಅವಳಿಗೆ ಸಂಶಯ. ಚಾ ಕುಡಿಯುತ್ತ ಇಬ್ಬರೂ ಬಹಳ ಹೊತ್ತು ಚರ್ಚೆ ಮಾಡಿದರು. ಕೊನೆಗೆ ಬರುತ್ತದೆ ಎಂದು ತೀರ್ಮಾನಿಸಿ ಹೊರಗೆ ಬಂದು ನೋಡಿದರೆ ಒಂದು ತುಂಡೂ ಇಲ್ಲ.

ಮೊದಲ ಮಳೆ ಬಿದ್ದದ್ದೇ ಅಮ್ಮುವಿನ ಹಿತ್ತಿಲಲ್ಲಿ ಮರಗೆಣಸು ಸಾಲು ಸಾಲಾಗಿ ಚಿಗುರಿತು. ಚಿಗುರದೆ ಎಂತ, ಕದ್ದದ್ದಲ್ಲವಾ. ಗಿಲ್ಬರ್ಟನಿಗೆ ಸಿಟ್ಟಿಗಿಂತ ಆಸೆಯೇ ಹೆಚ್ಚಾಯಿತು. ಅವಳ ಜಗಲಿಯಲ್ಲಿ ನಾಲ್ಕು ತುಂಡು ಮಿಕ್ಕಿದ್ದು ಕಂಡು ಮೆಲ್ಲ ಒಳಗೆ ನುಗ್ಗಿ ಕೈ ಚಾಚಿದ.

"ತೆಕ್ಕೊಳ್ಳಿ ಪೊರ್ಬುಗಳೇ" ಎಂದಳು ಬಾಗಿಲಲ್ಲಿ ನಿಂತ ಅಮ್ಮು, ಬಾಯಿ ತುಂಬ ನಗುತ್ತ. "ನಿಮಗೇ ಅಂತ ತೆಗೆದಿಟ್ಟದ್ದು."