ವಾರ್ಡನ್ ಸಾಹೇಬರ ಓಟಕ್ಕೆ ಮೂರನೇ ಹಾಲ್‌ನವರ ಕೃತಜ್ಞತೆಗಳು

ಮಾನ್ಯ ವಾರ್ಡನ್ ಬರ್ಚ್‌ಫೀಲ್ಡ್ ಸಾಹೇಬರ ಸನ್ನಿಧಾನಕ್ಕೆ, ಟಲೋಸಾ ಕೌಂಟಿ ಜೈಲಿನ ಮೂರನೇ ಹಾಲ್‌ನಿಂದ ಕೈದಿ ಎವರಾರ್ಡೊ ಕಿಂಟಾನಾ ಮಾಡುವ ಅನಂತ ವಂದನೆಗಳು. ಈ ಮಹಾಮಾರಿಯ ಕಾಲದಲ್ಲಿ ತಾವೂ ಮನೆಯವರೂ ತಮ್ಮ ಮುದ್ದಿನ ನಾಯಿಯೂ ಕ್ಷೇಮವೆಂದು ನಂಬಿದ್ದೇನೆ. ನಾವೂ ಇಲ್ಲಿ ಕ್ಷೇಮ ಎಂದು ಬರೆಯುವುದು ವಾಡಿಕೆಯಾದರೂ, ಆ ಸಂಗತಿ ಈಗ ನ್ಯಾಯಾಲಯದ ಮುಂದಿರುವುದರಿಂದ ನಾನು ಬಾಯಿ ಹಾಕುವುದು ಸಭ್ಯತೆಯಲ್ಲ.

ಮಾನ್ಯರೇ, ನಾವು ಕೈದಿಗಳೆಲ್ಲ ಒಟ್ಟಾಗಿ ತಮ್ಮ ಮೇಲೆ ದಾವೆ ಹೂಡಿದ್ದು ತಮ್ಮ ಮನಸ್ಸಿಗೆ ನಾಟಿದೆಯೆಂದು ಕೇಳಿ ನಮಗೂ ಸಂಕಟವಾಯಿತು. ನಾವು ಬೇಡಿದ್ದು ಸೋಪು, ಮಾಸ್ಕು, ಮಂಚಗಳ ನಡುವೆ ಒಂದಿಷ್ಟು ಜಾಗ, ಜೊತೆಗೆ ಎದೆಯ ಕಾಯಿಲೆಯವರನ್ನು ತೀರ್ಪಾಗುವ ತನಕ ಮನೆಯಲ್ಲಿರಿಸಿ ಅಲ್ಲೇ ಕಾವಲಿಡುವುದು. ದಾವೆಯಲ್ಲಿ ಎಲ್ಲರ ಪರವಾಗಿ ಹೆಸರು ಕೊಟ್ಟವರು ನನ್ನ ಪಕ್ಕದ ಮಂಚದ ಕ್ಲಿಯೋಫಸ್ ಟಾರ್ವರ್. ನಾವೆಲ್ಲ ತಾತ ಎನ್ನುವ ಈ ಮನುಷ್ಯ ಮಾಡಿದ ಘನ ಅಪರಾಧವೆಂದರೆ ಲೈಸೆನ್ಸ್ ರದ್ದಾದ ಮೇಲೂ ಗಾಡಿ ಓಡಿಸಿದ್ದು. ಅವರ ಶ್ವಾಸಕೋಶ ಅರ್ಧಕ್ಕರ್ಧ ಕೆಟ್ಟಿದೆ, ಈ ರೋಗ ತಗುಲಿದರೆ ಉಳಿಯುವುದಿಲ್ಲ ಎಂದು ಜೈಲಿನ ವೈದ್ಯರೇ ಹೇಳಿದ್ದಾರೆ. ಅವರ ತಂಗಿ ಜೂನೆಟ್ ಮನೆಯಲ್ಲಿ ಹಾಸಿಗೆ ಹಾಸಿಟ್ಟು ಕಾಯುತ್ತಿದ್ದಾರೆ.

ಇದಕ್ಕೆ ತಾವು ಅಫಿಡವಿಟ್ಟಿನಲ್ಲಿ ಕೊಟ್ಟ ಉತ್ತರವನ್ನು ಎಷ್ಟು ಕೊಂಡಾಡಿದರೂ ಸಾಲದು. ಮಂಚದಿಂದ ಮಂಚಕ್ಕೆ ಒಂದು ಮೊಳವಷ್ಟೇ ಜಾಗವಿದ್ದರೇನಂತೆ, ಒಬ್ಬನ ತಲೆಯಿರುವ ಕಡೆ ಪಕ್ಕದವನ ಕಾಲು ಬರುವಂತೆ ಮಲಗಿಸಿದರೆ ತಲೆಯಿಂದ ತಲೆಗೆ ಆರಡಿ ತಾನಾಗಿಯೇ ಆಗುತ್ತದೆ ಎಂದಿರಿ. ವೈರಾಣುವೂ ತಮ್ಮ ಸುತ್ತೋಲೆಯನ್ನು ಓದಿಕೊಂಡು, ಕಾಲಿನ ದಿಕ್ಕಿನಲ್ಲಿ ಹೊರಟಿದ್ದು ತಪ್ಪಾಯಿತೆಂದು ನಾಚಿ ಹಿಂದಿರುಗುತ್ತದೆ ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಅಂದಿನಿಂದ ತಾತನ ಪಾದಗಳು ನನ್ನ ಮೂಗಿಗೆ ನೆರೆಮನೆ. ದೀಪ ಆರಿದ ಕೂಡಲೇ ಹೆಬ್ಬೆರಳು ಕುಣಿಸಿ, "ಮಗಾ, ಇವನು ಗುಡ್ ನೈಟ್ ಹೇಳ್ತಿದಾನೆ, ನೀನೂ ಹೇಳೋ, ಮರ್ಯಾದೆ ಕಲಿ" ಎನ್ನುತ್ತಾರೆ. ಹಗಲೆಲ್ಲ ನಾವಿಬ್ಬರೂ ಹೊಲಿಗೆ ಕೋಣೆಯಲ್ಲಿ ಕೌಂಟಿಯ ಕಚೇರಿಗಳಿಗೆ ಮಾಸ್ಕು ಹೊಲಿಯುತ್ತೇವೆ. ಅದರಲ್ಲೊಂದನ್ನು ನಮ್ಮ ಮುಖಕ್ಕೆ ಕಟ್ಟಿಕೊಂಡರೆ ಕಳ್ಳಮಾಲು ಇಟ್ಟುಕೊಂಡ ಶಿಕ್ಷೆ. ಸೋಪು ಕೊಡಿ ಎಂದು ನ್ಯಾಯಾಧೀಶರು ಆಗಲೇ ಹೇಳಿದ್ದರೂ, ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ ಕಪಾಟಿನ ಬೀಗದ ಕೈ ಸಿಕ್ಕಿರಲಿಲ್ಲ. ನ್ಯಾಯಾಲಯ ನೇಮಿಸಿದ ಡಾಕ್ಟರಮ್ಮ ತಪಾಸಣೆಗೆ ಬಂದ ದಿನ ಬೆಳಿಗ್ಗೆ ಸಿಕ್ಕಿತು, ದೇವರು ದೊಡ್ಡವನು.

ಆ ದಿನವನ್ನು ನೆನೆದೇ ಈ ಪತ್ರ. ತಮ್ಮ ವ್ಯವಸ್ಥೆಯನ್ನು ತಾವು ವಿವರಿಸಿ ಮುಗಿಸಿದಾಗ ಡಾಕ್ಟರಮ್ಮ, "ಸಾಹೇಬ್ರೇ, ನಂಗೆ ಸರಿಯಾಗಿ ಅರ್ಥ ಆಗ್ಲಿಲ್ಲ, ನೀವೇ ಒಂದ್ಸಲ ಮಲಗಿ ತೋರಿಸ್ತೀರಾ?" ಎಂದು ಕೇಳಿದ್ದು, ತಾವು ಬೂಟು ಕಳಚಿ ನನ್ನ ಮಂಚವನ್ನು ಪಾವನಗೊಳಿಸಿದ್ದು ನಮ್ಮ ಹಾಲ್‌ನ ಭಾಗ್ಯ. ಆದರೆ ಮನೆಯಲ್ಲಿ ಮಲಗುವ ಅಭ್ಯಾಸವೋ ಏನೋ, ತಾವು ದಿಂಬನ್ನು ಗೋಡೆಯ ಕಡೆಗೆ ಎಳೆದುಕೊಂಡು, ತಾವೇ ಮಾಡಿದ ನಿಯಮ ಮರೆತು, ತಾತನ ತಲೆಯ ಪಕ್ಕಕ್ಕೇ ತಲೆಯಿಟ್ಟಿರಿ. ತಾತ ತಮ್ಮ ಕಡೆ ತಿರುಗಿ ಒಂದೇ ಒಂದು ಸಲ ಕೆಮ್ಮಿದರು.

ಮಾನ್ಯರೇ, ಆ ಜಿಗಿತ! ಈ ವಯಸ್ಸಿನಲ್ಲಿ, ಆ ಹೊಟ್ಟೆಯೊಡನೆ, ಕಾಲುಚೀಲದಲ್ಲೇ! ನಾವು ದಿನವಿಡೀ ಬಡಿದರೂ ತೆರೆಯದ ಕಬ್ಬಿಣದ ಬಾಗಿಲು ತಾವು ತಲುಪುವ ಮೊದಲೇ ತೆರೆದುಕೊಂಡಿತು. ತಾವು ಅಂಗಳದಲ್ಲಿ ನಿಂತು ಏದುಸಿರು ಬಿಡುತ್ತಿದ್ದಾಗ ಡಾಕ್ಟರಮ್ಮ ಟೇಪು ಹಿಡಿದು ಮಂಚದಿಂದ ಅಲ್ಲಿಯವರೆಗಿನ ದೂರ ಅಳೆದರು. ನಮ್ಮ ವಕೀಲರು ತಿಂಗಳುಗಟ್ಟಲೆ ಹೇಳಿದ್ದನ್ನು ತಾವು ಬಾಯಿಯನ್ನೇ ತೆರೆಯದೆ ಹೇಳಿಬಿಟ್ಟಿರಿ.

ಆದ್ದರಿಂದ ನಮ್ಮ ವಿನಂತಿ ಇಷ್ಟೇ: ಇನ್ನು ಮುಂದೆ ಆರಡಿಯ ಲೆಕ್ಕ ಬಿಟ್ಟು, ತಾವು ಓಡಿದಷ್ಟು ದೂರವನ್ನೇ ಮಂಚಗಳ ನಡುವಿನ ಅಳತೆಯೆಂದು ಸಾರಬೇಕು. ಹಾಗೆ ಮಾಡಿದರೆ ಕೊನೆಯ ಮಂಚ ತಮ್ಮ ಮನೆಯ ಜಗುಲಿಗೆ ಬರುತ್ತದೆ. ಅಲ್ಲಿ ನಾನೇ ಮಲಗುತ್ತೇನೆ, ನಾಯಿಗೆ ತೊಂದರೆ ಕೊಡುವುದಿಲ್ಲ. ಅದಾಗದಿದ್ದರೆ ಸೋಮವಾರದ ವಿಚಾರಣೆಯಲ್ಲಿ ಅಂದು ಏಕೆ ಓಡಿದೆನೆಂದು ನ್ಯಾಯಾಧೀಶರಿಗೆ ನಿಜ ಹೇಳಿಬಿಡಿ. ತಾತ ಜೂನೆಟ್ ಮನೆಗೆ ಹೋಗಲು ಅಷ್ಟು ಸಾಕು.

ಒಂದು ಮೊಳದ ದೂರದಲ್ಲಿ ತಮ್ಮನ್ನು ಮತ್ತೊಮ್ಮೆ ಕಾಣಬಯಸುವ,
ತಮ್ಮ ವಿಶ್ವಾಸಿ,
ಎವರಾರ್ಡೊ ಕಿಂಟಾನಾ

ಮರೆತ ಮಾತು: ತಾವು ಗಾಬರಿಯಾಗಬೇಕಿರಲಿಲ್ಲ. ಅಂದಿನ ಕೆಮ್ಮು ರೋಗದ್ದಲ್ಲ, ಮಧ್ಯಾಹ್ನದ ಸ್ಯಾಂಡ್‌ವಿಚ್ಚಿನ ಕಡಲೆಬೀಜದ ಬೆಣ್ಣೆ ತಾತನ ಗಂಟಲಿಗೆ ಅಂಟಿತ್ತು. ನಿಜವಾದ ಕೆಮ್ಮು ನಿನ್ನೆ ಶುರುವಾಗಿದೆ. ಬಾಗಿಲು ಬಡಿದೆವು, ಕಾವಲಿನವರು "ಸೋಮವಾರ ಕೋರ್ಟ್ ಇದೆಯಲ್ಲ, ಅಲ್ಲೀವರೆಗೂ ತಡ್ಕೊಳ್ಳಿ" ಎಂದರು. ರಾತ್ರಿ ಆ ಹೆಬ್ಬೆರಳು ನನಗೆ ಗುಡ್ ನೈಟ್ ಹೇಳಲಿಲ್ಲ. ಸಾಹೇಬರೇ, ದಯವಿಟ್ಟು ಇನ್ನೊಮ್ಮೆ ಓಡಿ, ಈ ಸಲ ಇತ್ತ ಕಡೆಗೆ. ಬೂಟು ಹಾಕಿಕೊಳ್ಳಲು ನಿಲ್ಲಬೇಡಿ.